ಕೆಲಸಕ್ಕೆ ಬರುವ ಅಜ್ಜಿ

ಮಂಚೇನಹಳ್ಳಿ ದಾಟುವ ಹೊತ್ತಿಗೆ ಕೆಂಪರಾಜು ಆ ಮಾತನ್ನು ಹೆಲ್ಮೆಟ್ಟಿನೊಳಗೇ ಏಳೆಂಟು ಸಲ ಹೇಳಿಕೊಂಡಿದ್ದ. ಒಂದೊಂದು ಸಲಕ್ಕೂ ಅದು ಒಂದೊಂದು ಥರ ಕೇಳಿಸುತ್ತಿತ್ತು. ‘ಅಮ್ಮ, ಅವತ್ತು ನಾನು ಹಂಗನ್ನಬಾರದಿತ್ತು’ ಅಂದರೆ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರು ಪ್ರಿನ್ಸಿಪಾಲರ ಮುಂದೆ ಒಪ್ಪಿಸುವ ಮಾತಿನ ಹಾಗಿತ್ತು. ‘ತಪ್ಪಾಯ್ತು ಕಣಮ್ಮ’ ಅಂದರೆ ತೀರ ಹಗುರವಾಗಿ, ಪೇಟೆಯಿಂದ ಎಲೆಯಡಿಕೆ ತರುವುದನ್ನು ಮರೆತು ಬಂದವನ ಹಾಗೆ. ಒಮ್ಮೆ ಸುಮ್ಮನೆ ‘ಅಮ್ಮ’ ಎಂದಷ್ಟೇ ಅಂದು ನೋಡಿದ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಉಸಿರಿಗೆ ಗಾಜು ಮಬ್ಬಾಗುತ್ತಿತ್ತು, ಮೇಲಕ್ಕೆತ್ತಿದರೆ ಮಾಗಿಯ ಗಾಳಿಗೆ ಕಣ್ಣಲ್ಲಿ ನೀರು. ಎದುರಿಗೆ ಬಂದ ಟ್ರ್ಯಾಕ್ಟರಿನವನೊಬ್ಬ ತನ್ನ ಬಾಯಿ ಆಡುತ್ತಿರುವುದನ್ನು ಕಂಡು ನಕ್ಕ ಹಾಗನ್ನಿಸಿ ಕೆಂಪರಾಜು ತುಟಿ ಬಿಗಿದುಕೊಂಡ. ನಲವತ್ತೇಳು ವರ್ಷದ ಗಂಡಸು, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು, ಭಾನುವಾರ ಬೆಳಿಗ್ಗೆ ಹೆತ್ತ ತಾಯಿಯ ಹತ್ತಿರ ಏನು ಮಾತಾಡಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದಾನೆ. ಅವನ ತಂಗಿ ತನುಜಳನ್ನು ತೊಂಡೇಬಾವಿಗೆ ಕೊಟ್ಟಿತ್ತು. ಅಮ್ಮ ಅಲ್ಲಿಗೆ ಹೋಗಿ ಏಳು ತಿಂಗಳಾಗಿತ್ತು. ‘ಸ್ವಲ್ಪ ದಿನ ಮಗಳ ಮನೇಲಿರ್ತೀನಿ’ ಅಂದು ಹೋದವಳು. ಹೆಂಡತಿ ಕವಿತ ತಿಂಗಳಿಗೊಂದು ಸಲವಾದರೂ ಕೇಳುತ್ತಿದ್ದಳು, ‘ಅತ್ತೆ ಯಾಕ್ರೀ ಬರ್ತಿಲ್ಲ, ನಾನೇನಾದ್ರೂ ಅಂದೆನಾ?’ ಅಂತ. ಅವನು ಇಲ್ಲ ಅನ್ನುತ್ತಿದ್ದ. ಅಷ್ಟು ಮಾತ್ರ ನಿಜ ಹೇಳುತ್ತಿದ್ದ.

ಬಸವನಹುಳು ಸಾಕುವ ಯೋಚನೆ ಅವನಿಗೆ ಬಂದದ್ದು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದಿಂದ. ಬೇರೆ ಯಾವುದೋ ದೇಶದ ಹೆಂಗಸೊಬ್ಬಳು ಬಿಳಿ ಕೈಗವುಸು ಹಾಕಿಕೊಂಡು, ಮರದ ಹಲಗೆಗಳ ಮೇಲಿನ ಹುಳುಗಳನ್ನು ಒಂದೊಂದಾಗಿ ಎತ್ತಿ, ಅವು ಬಿಡುವ ಲೋಳೆಯನ್ನು ಗಾಜಿನ ಪಾತ್ರೆಗೆ ತುಂಬುತ್ತಿದ್ದಳು. ಮುಖಕ್ಕೆ ಹಚ್ಚುವ ಕ್ರೀಮಿಗೆ ಬಳಸುವ ಆ ಲೋಳೆಗೆ ಒಳ್ಳೆಯ ಬೆಲೆ. ಒಂದು ಹುಳು ವರ್ಷಕ್ಕೆ ನೂರಾರು ಮೊಟ್ಟೆ ಇಡುತ್ತದೆ, ಸದ್ದಿಲ್ಲ, ಓಡಿಹೋಗುವುದಿಲ್ಲ, ಜಾಗ ಬೇಡುವುದಿಲ್ಲ. ಲಾಭ ಬೇಕಾಗಿತ್ತು, ಸುಳ್ಳೇಕೆ. ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಹಿಡಿಸಿದ್ದು ಆ ಬಿಳಿ ಕೈಗವುಸು. ಅದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ತನ್ನ ಜೊತೆ ಇತಿಹಾಸ ಹೇಳುತ್ತಿದ್ದು ನಿವೃತ್ತರಾಗಿದ್ದ ನರಸಿಂಹಮೂರ್ತಿಯವರಿಗೆ ಶಿಡ್ಲಘಟ್ಟದ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುವ ಹಳ್ಳಿಯಲ್ಲಿ ರೇಷ್ಮೆ ಹುಳ ಮೇಯಿಸುತ್ತಿದ್ದ ಮನೆಯೊಂದು ಖಾಲಿ ಬಿದ್ದಿತ್ತು. ಉದ್ದನೆಯ ಕೋಣೆ, ಎರಡೂ ಕಡೆ ಜಾಲರಿಯ ಕಿಟಕಿ, ಒಂದರ ಮೇಲೊಂದು ಬಿದಿರಿನ ತಟ್ಟೆಗಳು. ‘ತಗೊಳ್ಳಿ ರಾಜು, ಅರ್ಧ ಲಾಭ ನಂಗೆ. ಹುಳ ಯಾವ್ದಾದ್ರೇನು’ ಅಂದರು ಮೂರ್ತಿಯವರು. ಊರವರು ಕಿಟಕಿಯಲ್ಲಿ ಇಣುಕಿ ನೋಡಿ, ರೇಷ್ಮೆ ಬಿಟ್ಟು ಲೋಳೆಗೆ ಬಂದರಲ್ಲ ಮೇಷ್ಟ್ರು ಅಂತ ನಕ್ಕರು. ಕೆಂಪರಾಜು ಅವರ ಜೊತೆ ತಾನೂ ನಕ್ಕ.

ಮೂರನೆಯ ವಾರಕ್ಕೆ ಹುಳುಗಳು ಸಾಯತೊಡಗಿದವು. ಬೆಳಿಗ್ಗೆ ಹೋಗಿ ನೋಡಿದರೆ ಚಿಪ್ಪಿನೊಳಕ್ಕೆ ಮುದುರಿಕೊಂಡು, ಮುಟ್ಟಿದರೆ ಅಲ್ಲಾಡದೆ, ಸತ್ತ ವಾಸನೆ. ಅವನು ಪುಸ್ತಕ ತೆಗೆದ, ಟ್ರೇನಿಂಗ್ ಕೊಟ್ಟವನಿಗೆ ಫೋನ್ ಮಾಡಿದ, ತೇವ ಅಳೆಯುವ ಯಂತ್ರ ತಂದಿಟ್ಟ. ಮನೆಯಲ್ಲಿ ಊಟ ಸೇರದೆ ಕೂತಿದ್ದವನನ್ನು ನೋಡಿ ಅಮ್ಮ, ‘ನಾನೊಂದು ಸಲ ನೋಡ್ಲಾ ನಾಯ್ನಾ?’ ಅಂದಳು. ಚಿಂತಾಮಣಿ ಕಡೆಯ ಊರಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಆಡುತ್ತಲೇ ತೆಲುಗಿಗೆ ಜಾರುತ್ತಿದ್ದಳು, ಮಗನನ್ನು ಕರೆಯುವುದು ಮಾತ್ರ ಯಾವಾಗಲೂ ನಾಯ್ನಾ ಅಂತಲೇ. ಅಮ್ಮ, ಮುನಿಶಾಮಮ್ಮ, ಹುಳದ ಮನೆಯೊಳಕ್ಕೆ ಬಂದು ಹುಳುಗಳ ಕಡೆ ನೋಡಲೇ ಇಲ್ಲ. ತಟ್ಟೆಯಲ್ಲಿದ್ದ ಕೋಸಿನ ಎಲೆಯೊಂದನ್ನು ಎತ್ತಿ ಮೂಗಿಗೆ ಹಿಡಿದಳು. ‘ಔಷಧಿ ಹೊಡೆದಿರೋ ಎಲೆ ಇದು. ಮಾರ್ಕೆಟ್‌ದಲ್ವಾ? ಮನುಷ್ರು ತೊಳ್ಕೊಂಡು ತಿಂತಾರೆ, ಇವು ಹೆಂಗೆ ತೊಳ್ಕೊಂತವೆ?’ ಅಂದಳು. ಆ ಸಂಜೆಯೇ ಹಳ್ಳಿಯ ಹಿತ್ತಿಲುಗಳಲ್ಲಿ ಕೇಳಿ ಪರಂಗಿ ಎಲೆ, ಕುಂಬಳದ ಎಲೆ ತಂದು ಹಾಕಿದಳು. ಕೋಳಿಮೊಟ್ಟೆಯ ಸಿಪ್ಪೆ ಕುಟ್ಟಿ ಚಿಮುಕಿಸಿದಳು. ‘ಇವು ನಮ್ಮ ಕೆರೆ ಹುಳ, ನತ್ತಗುಲ್ಲ ಅಲ್ಲ. ನಮ್ಮವು ನೀರಲ್ಲಿರೋವು, ಬಾಯಿಗೆ ಮುಚ್ಚಳ ಇರೋವು. ಇವಕ್ಕೆ ಮುಚ್ಚಳಾನೇ ಇಲ್ಲ ಪಾಪ’ ಅಂದಳು. ಹದಿನೈದು ದಿನದಲ್ಲಿ ಸಾವು ನಿಂತಿತು. ಎಲೆಗೆ ಔಷಧಿ ಇರಬಹುದೆಂದು ಜೀವಶಾಸ್ತ್ರದ ಮೇಷ್ಟರಿಗೆ ಹೊಳೆದಿರಲಿಲ್ಲ. ಆ ಮೇಲೆ ಯಾರಾದರೂ ಕೇಳಿದರೆ ಅವನು ‘ಆಹಾರದಲ್ಲಿ ಕೀಟನಾಶಕದ ಅಂಶ ಪತ್ತೆ ಮಾಡಿದೆವು’ ಎನ್ನುತ್ತಿದ್ದ. ‘ಮಾಡಿದೆವು’ ಎಂಬುದರಲ್ಲಿ ಅಮ್ಮನೂ ಇದ್ದಾಳಲ್ಲ ಎಂದು ಒಳಗೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಅವಳು ದಿನಾ ಬರತೊಡಗಿದಳು. ಅವನ ಬೈಕಿನ ಹಿಂದೆ ಒಂದು ಕಡೆಗೆ ಕೂತು, ಮಡಿಲಲ್ಲಿ ಊಟದ ಕ್ಯಾರಿಯರ್ ಹಿಡಿದುಕೊಂಡು. ಅವನು ಕಾಲೇಜು ಮುಗಿಸಿ ಬರುವಷ್ಟರಲ್ಲಿ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಒರಗಿಸಿರುತ್ತಿದ್ದಳು. ಲೋಳೆ ತೆಗೆಯುವುದಕ್ಕೆ ಮೆತ್ತನೆಯ ಬ್ರಷ್ಷಿನಿಂದ ಹುಳುವಿನ ಪಾದ ನೇವರಿಸಬೇಕಿತ್ತು. ಅವಳು ಬ್ರಷ್ಷು ಬಿಟ್ಟು ಬೆರಳಿನಲ್ಲೇ ನೇವರಿಸುತ್ತಿದ್ದಳು, ತೆಲುಗಿನಲ್ಲಿ ಅವುಗಳ ಜೊತೆ ಏನೇನೋ ಮಾತಾಡುತ್ತಿದ್ದಳು. ಬಾಗಿಲಲ್ಲಿ ನಿಂತು ಅದನ್ನು ನೋಡುವಾಗ ಅವನಿಗೆ ಕೆರೆ ಕಾಣಿಸುತ್ತಿತ್ತು. ಸೀರೆ ಮೇಲಕ್ಕೆ ಕಟ್ಟಿ ಮಂಡಿಯುದ್ದ ನೀರಿನಲ್ಲಿ ನಿಂತು, ಕಣ್ಣು ಮುಚ್ಚಿದವಳ ಹಾಗೆ ಕಾಲ್ಬೆರಳಿನಿಂದ ಕೆಸರು ತಡಕುತ್ತಿದ್ದ ಅಮ್ಮ. ನತ್ತಗುಲ್ಲ ಸಿಕ್ಕಿತೆಂದರೆ ಬಗ್ಗಿ ಎತ್ತಿ ಮಡಿಲಿಗೆ ಹಾಕಿಕೊಳ್ಳುವಳು. ದಡದಲ್ಲಿ ಕೂತ ಅವನಿಗೂ ತನುಜಳಿಗೂ ಆ ಮಡಿಲು ಭಾರವಾಗುವುದನ್ನು ನೋಡುವುದೇ ಹಸಿವು. ಮನೆಗೆ ತಂದು ಕುದಿಸಿ, ಜಾಲಿಮುಳ್ಳಿನಿಂದ ಒಳಗಿನದನ್ನು ಎಳೆದು, ಉಪ್ಪು ಅರಿಸಿನ ಹಾಕಿ ಏಳು ನೀರಿನಲ್ಲಿ ತೊಳೆದು, ಬೆಳ್ಳುಳ್ಳಿ ಒಣಮೆಣಸಿನಕಾಯಿ ಅರೆದು ಹುಣಸೆಹುಳಿ ಬಿಟ್ಟು ಮಾಡುವಳು. ಮುದ್ದೆ ಮುರಿದು ಆ ಸಾರಿನಲ್ಲಿ ಅದ್ದಿದರೆ ನಾಲಗೆಯ ತುದಿಗೆ ಕೆರೆಯ ಮಣ್ಣಿನ ರುಚಿ ಸಣ್ಣಗೆ ಇರುತ್ತಿತ್ತು. ಮರುದಿನ ಶಾಲೆಯಲ್ಲಿ ಮೇಷ್ಟರು ಪೌಷ್ಟಿಕ ಆಹಾರದ ಪಾಠ ಮಾಡುವ ಮುಂಚೆ ಒಬ್ಬೊಬ್ಬರನ್ನಾಗಿ ಎಬ್ಬಿಸಿ ನೆನ್ನೆ ರಾತ್ರಿ ಏನು ಊಟ ಎಂದು ಕೇಳುತ್ತಿದ್ದರು. ಪಕ್ಕದಲ್ಲಿ ಕೂತವನು ಏನು ಹೇಳಿದನೋ ಅದನ್ನೇ ಕೆಂಪರಾಜುವೂ ಹೇಳುತ್ತಿದ್ದ. ಬೇಳೆ ಸಾರು ಅಂದರೆ ಬೇಳೆ ಸಾರು, ಹುರುಳಿಕಾಳು ಅಂದರೆ ಹುರುಳಿಕಾಳು. ಹಾಗೆ ನಾಲ್ಕನೆಯ ಕ್ಲಾಸಿನ ಒಂದು ವರ್ಷ ಪೂರ್ತಿ ಅವನು ಉಂಡದ್ದು ಇನ್ನೊಬ್ಬರ ಮನೆಯ ಊಟವನ್ನು.

ಇದನ್ನೆಲ್ಲ ಮೆಟ್ಟಿ ನಿಂತೆನೆಂದುಕೊಂಡಿದ್ದ. ಹನ್ನೊಂದು ವರ್ಷದ ಕೆಳಗೆ ಅವರ ಮನೆಯವರು, ಇನ್ನೂ ಕೆಲವು ಕುಟುಂಬದವರು ಬೌದ್ಧರಾದ ಮೇಲೆ, ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಚಿಕ್ಕಬಳ್ಳಾಪುರದಲ್ಲಿ ಸಭೆ ಮಾಡುತ್ತಿದ್ದರು. ಅವನದೇ ಮುಖ್ಯ ಭಾಷಣ. ಆ ವರ್ಷ ಅವನು ಊಟದ ಬಗ್ಗೆ ಮಾತಾಡಿದ್ದ. ‘ನಮ್ಮ ತಾಯಂದಿರು ನಮಗೆ ಏನು ತಿನ್ನಿಸಿ ಸಾಕಿದರೋ ಅದಕ್ಕೆ ನಾವು ನಾಚಬೇಕಾಗಿಲ್ಲ. ನಾಚಬೇಕಾದವರು ಬೇರೆಯವರು’ ಅಂದಾಗ ಚಪ್ಪಾಳೆ ಬಿದ್ದಿತ್ತು. ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಚಪ್ಪಾಳೆ ತಟ್ಟಲಿಲ್ಲ, ಬಾಯಿ ಸ್ವಲ್ಪ ತೆರೆದು ಅವನನ್ನೇ ನೋಡುತ್ತಿದ್ದಳು. ಇವತ್ತು ತೊಂಡೇಬಾವಿಯ ರಸ್ತೆಯಲ್ಲಿ ಬೈಕು ಓಡಿಸುತ್ತ ಅವನಿಗೆ ಆ ನೋಟ ಮತ್ತೆ ಮತ್ತೆ ಅಡ್ಡ ಬರುತ್ತಿತ್ತು. ಅವಳು ಅದನ್ನು ನಂಬಿದ್ದಳು. ಸಭೆಯಲ್ಲಿದ್ದವರಲ್ಲಿ ಅದನ್ನು ಅಕ್ಷರಕ್ಕಕ್ಷರ ನಂಬಿದವಳು ಬಹುಶಃ ಅವಳೊಬ್ಬಳೇ. ಹೇಳಿದವನೂ ಅಷ್ಟು ನಂಬಿರಲಿಲ್ಲ.

ಏಕೆಂದರೆ ಪೂರ್ಣಿಮೆಯಾದ ಹತ್ತನೆಯ ದಿನಕ್ಕೇ ಮಾಲಾ ಬಂದಿದ್ದು. ಮುಖದ ಕ್ರೀಮು ಮಾಡುವ ಸಣ್ಣ ಕಂಪನಿಯೊಂದರ ಕಡೆಯಿಂದ ಲೋಳೆ ಕೊಳ್ಳುವ ಮಾತಾಡಲು ಬಂದ, ಮೂವತ್ತರ ಆಸುಪಾಸಿನ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು, ತಟ್ಟೆ ತಟ್ಟೆಯನ್ನೂ ಬಗ್ಗಿ ನೋಡಿದಳು, ಎಲ್ಲಕ್ಕೂ ತಲೆದೂಗಿದಳು. ನರಸಿಂಹಮೂರ್ತಿಯವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದಿದ್ದರು. ಕೆಂಪರಾಜು ಆವತ್ತು ಕೈಗವುಸು ಹಾಕಿಕೊಂಡಿದ್ದ. ಅಮ್ಮ ಹೊರಗಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು.

‘ಇಷ್ಟು ಕ್ಲೀನಾಗಿ ಯಾರೂ ಇಟ್ಕೊಂಡಿಲ್ಲ ಸಾರ್. ಈ ಐಡಿಯಾ ಹೆಂಗೆ ಬಂತು ನಿಮಗೆ?’ ಎಂದು ಮಾಲಾ ಕೇಳಿದಳು.

‘ಓದ್ತಾ ಓದ್ತಾ ಬಂತು. ಸಬ್ಜೆಕ್ಟೇ ಅದಲ್ವಾ,’ ಎಂದ ಕೆಂಪರಾಜು.

ಮಧ್ಯಾಹ್ನ ಮೂರ್ತಿಯವರು ಹೋಟೆಲಿನಿಂದ ಊಟ ತರಿಸಿದ್ದರು. ಪೊಟ್ಟಣಗಳನ್ನು ಬಿಚ್ಚುತ್ತಿರುವಾಗ ಅಮ್ಮ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟು, ಮೇಲಿನ ಡಬ್ಬಿ ತೆಗೆದಳು. ಆ ವಾಸನೆ ಬಂದ ಕ್ಷಣವೇ ಕೆಂಪರಾಜುವಿಗೆ ಅದು ಏನೆಂದು ಗೊತ್ತಾಯಿತು. ಹೊಟ್ಟೆಗೆ ಮೊದಲು ಗೊತ್ತಾಯಿತು, ಬಾಯಲ್ಲಿ ನೀರೂರಿತು, ಅದರ ಹಿಂದೆಯೇ ಕಿವಿ ಬಿಸಿಯಾಯಿತು. ಹಿಂದಿನ ದಿನ ಅವಳು ಯಾರಿಗೋ ಹೇಳಿ ಕೆರೆಯ ಹುಳು ತರಿಸಿದ್ದಳು, ಬೆಳಗಿನ ಜಾವವೇ ಎದ್ದು ಮಾಡಿದ್ದಳು, ಅವನಿಗೆ ತಿಳಿಸಿರಲಿಲ್ಲ.

‘ತಿಂದು ನೋಡಮ್ಮ,’ ಎಂದಳು ಅಮ್ಮ ಮಾಲಾಳಿಗೆ. ‘ಇದೂ ಈ ಹುಳದ ಜಾತೀದೇ. ನಾವು ಚಿಕ್ಕ ವಯಸ್ಸಿಂದ ತಿಂತೀವಿ. ಮೈಗೆ ಭಾಳ ಒಳ್ಳೇದು.’

‘ಸ್ನೇಲ್ ಕರಿನಾ? ಒಂದ್ಸಲ ಹೊರಗಡೆ ಟೂರ್ ಹೋದಾಗ ಬೆಣ್ಣೆ ಹಾಕಿ ಮಾಡಿರೋದು ತಿಂದಿದ್ದೆ. ಇಲ್ಲಿ ಮಾಡ್ತಾರೆ ಅಂತ ಗೊತ್ತೇ ಇರ್ಲಿಲ್ಲ,’ ಎನ್ನುತ್ತ ಮಾಲಾ ತಟ್ಟೆಯನ್ನು ಮುಂದಕ್ಕೆ ಹಿಡಿದೇಬಿಟ್ಟಿದ್ದಳು. ‘ಅಜ್ಜಿ ಯಾರು ಸಾರ್?’

ಆ ತಟ್ಟೆ ಮುಂದಕ್ಕೆ ಬಂದದ್ದನ್ನು ಅವನು ಏಳು ತಿಂಗಳಿಂದ ನೋಡುತ್ತಿದ್ದಾನೆ. ಅವಳು ಮೂಗು ಮುಚ್ಚಿಕೊಂಡಿದ್ದರೆ, ಮುಖ ಸಿಂಡರಿಸಿದ್ದರೆ, ಮೂರ್ತಿಯವರಾದರೂ ಕೆಮ್ಮಿದ್ದರೆ, ತಪ್ಪನ್ನು ಅವರ ಮೇಲೆ ಹಾಕಿ ಬದುಕಬಹುದಿತ್ತು. ಯಾರೂ ಏನೂ ಮಾಡಲಿಲ್ಲ. ತಟ್ಟೆ ಮುಂದಕ್ಕೆ ಬಂದಿತ್ತು, ಸೌಟು ಮೇಲೆದ್ದಿತ್ತು, ನಡುವೆ ಕೈ ಅಡ್ಡ ಬಂದದ್ದು ಅವನದು.

‘ಬೇಡ ಮೇಡಂ, ಅದು ಕೆಲಸದವರ ಊಟ. ನಿಮಗೆ ಆಗ್ಬರಲ್ಲ,’ ಎಂದ. ‘ಇವರು ಇಲ್ಲಿ ಕೆಲಸಕ್ಕೆ ಬರೋ ಅಜ್ಜಿ.’ ಆಮೇಲೆ, ಮಾತು ತಾನಾಗಿಯೇ ಮುಂದುವರಿಯಿತು, ಅಮ್ಮನ ಕಡೆ ತಿರುಗಿ, ‘ನೀವು ಹೊರಗಡೆ ಕೂತ್ಕೊಂಡು ಊಟ ಮಾಡಿ, ಹೋಗಿ,’ ಎಂದ.

ಹುಟ್ಟಿದಾಗಿನಿಂದ ಅವನು ಅವಳನ್ನು ನೀವು ಅಂದವನಲ್ಲ. ಅಮ್ಮ ಸೌಟನ್ನು ಡಬ್ಬಿಯೊಳಕ್ಕೆ ಇಳಿಸಿದಳು. ಅವಳ ಮುಖದಲ್ಲಿ ಏನಾದರೂ ಮುರಿದದ್ದು ಕಂಡಿದ್ದರೆ ಅವನು ಆಗಲೇ ಏನಾದರೂ ಮಾಡುತ್ತಿದ್ದನೋ ಏನೋ. ಅವಳು ಗಾಬರಿಯಾದವಳ ಹಾಗೆ, ದೊಡ್ಡವರ ಮನೆಯಲ್ಲಿ ಮುಟ್ಟಬಾರದ್ದನ್ನು ಮುಟ್ಟಿದವಳ ಹಾಗೆ, ಬೇಗ ಬೇಗ ಮುಚ್ಚಳ ಹಾಕಿದಳು. ‘ಆಗ್ಲಿ ಸಾರ್,’ ಎಂದಳು. ಕ್ಯಾರಿಯರ್ ಎತ್ತಿಕೊಂಡು ಹೋದಳು. ಅವಳು ಯಾರೆಂದು ಚೆನ್ನಾಗಿ ಗೊತ್ತಿದ್ದ ನರಸಿಂಹಮೂರ್ತಿಯವರು ಉಪ್ಪಿನಕಾಯಿ ಪೊಟ್ಟಣ ಬಿಚ್ಚುವುದರಲ್ಲಿ ಮುಳುಗಿದ್ದರು. ಅವರು ಅದನ್ನು ಬಿಚ್ಚುತ್ತಲೇ ಇದ್ದರು. ಮಾಲಾ ಖಾಲಿ ತಟ್ಟೆಯನ್ನು ಒಂದು ಗಳಿಗೆ ಹಾಗೆಯೇ ಹಿಡಿದುಕೊಂಡಿದ್ದು, ಆಮೇಲೆ ಅನ್ನ ಹಾಕಿಸಿಕೊಂಡಳು.

ಆ ಸಂಜೆ ಎಂದಿನಂತೆ ಅವಳು ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಅವನ ಬೈಕಿನ ಹಿಂದೆ ಕೂತು ಮನೆಗೆ ಹೊರಟಳು. ಮರುದಿನವೂ ಬಂದಳು, ಅದರ ಮರುದಿನವೂ. ಹುಳದ ಮನೆಯ ಹೊಸಿಲು ದಾಟಿದರೆ ಅವನನ್ನು ಸಾರ್ ಅನ್ನುತ್ತಿದ್ದಳು. ಕೊಂಕಿನಿಂದಲ್ಲ. ಕೊಂಕಾಗಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ಹೀಗೆ ಕರೆಯಬೇಕೆಂದು ತನಗೆ ಮೊದಲೇ ಹೊಳೆಯದೆ ಹೋಯಿತಲ್ಲ ಅನ್ನುವ ಹಾಗೆ, ಬಲು ಎಚ್ಚರದಿಂದ. ಮನೆಯಲ್ಲಿ ಮಾತ್ರ ಏನೂ ಕರೆಯುತ್ತಿರಲಿಲ್ಲ. ಹತ್ತಿರ ಬಂದು ನಿಂತು, ಅವನು ತಲೆಯೆತ್ತುವ ತನಕ ಕಾದು ಮಾತಾಡುತ್ತಿದ್ದಳು. ಮೂರನೆಯ ವಾರಕ್ಕೆ ತನುಜಳ ಮನೆಗೆ ಹೊರಟಳು. ಮಾಲಾಳ ಕಂಪನಿ ಒಪ್ಪಂದ ಮಾಡಿಕೊಂಡಿತು, ಹುಳುಗಳು ಹೆಚ್ಚಿದವು, ಲೋಳೆ ಪ್ರತಿ ವಾರ ಹೋಗುತ್ತಿತ್ತು. ಅಮ್ಮನ ಜಾಗಕ್ಕೆ ಅದೇ ಹಳ್ಳಿಯ ಚಿಕ್ಕವೆಂಕಟಮ್ಮನನ್ನು ಇಟ್ಟುಕೊಂಡ. ಎಲ್ಲವೂ ಅವನಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆದಿತ್ತು. ನಷ್ಟವಾಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ತೊಂಡೇಬಾವಿಯಲ್ಲಿ ತನುಜಳ ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಅವನು ಬೈಕು ನಿಲ್ಲಿಸುವಾಗ ಅಮ್ಮ ಬಾಗಿಲ ಮುಂದೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಸ್ವಲ್ಪ ಇಳಿದುಹೋಗಿದ್ದಳು ಅನ್ನಿಸಿತು. ತನುಜ ಒಳಗಿನಿಂದ ಬಂದು, ‘ಏನಣ್ಣ, ದಾರಿ ನೆನಪೈತಾ?’ ಎಂದು ನಕ್ಕು, ಕಾಫಿಗಿಡಲು ಹೋದಳು. ಅವನು ಅಮ್ಮನ ಎದುರಿಗೆ ಮೆಟ್ಟಿಲ ಮೇಲೆ ಕೂತ. ತಾನೂ ನಾಲ್ಕು ಕಾಯಿ ತೆಗೆದುಕೊಂಡು ಬಿಡಿಸಿದ. ಗೂಡ್ಸ್ ಗಾಡಿಯೊಂದು ಸದ್ದು ಮಾಡುತ್ತ ಹಾದುಹೋಯಿತು.

‘ಅಮ್ಮ,’ ಎಂದ. ಅದು ಬಂತು. ‘ಅವತ್ತು ನಾನು ಹಂಗನ್ನಬಾರದಿತ್ತು.’

ಅವಳು ಕೈ ನಿಲ್ಲಿಸದೆ, ‘ಯಾವತ್ತು?’ ಎಂದಳು.

ಅವಳಿಗೆ ನಿಜವಾಗಿ ನೆನಪಿರಲಿಲ್ಲವೋ, ಅವನ ಬಾಯಿಂದಲೇ ಪೂರ್ತಿ ಬರಲೆಂದು ಕೇಳಿದಳೋ, ಅಥವಾ ಅವನಿಗೆ ಜಾರಿಹೋಗಲು ಒಂದು ಬಾಗಿಲು ತೆರೆದುಕೊಟ್ಟಳೋ. ಯಾವತ್ತು ಎಂದರೆ ಏನು ಹೇಳುವುದು? ನಾನು ನಿನ್ನನ್ನು ಕೆಲಸದವಳು ಅಂದೆನಲ್ಲ, ಅವತ್ತು. ನೀವು ಅಂದೆನಲ್ಲ, ಅವತ್ತು. ಹೇಳಬೇಕೆಂದರೆ ಆ ಮಾತುಗಳನ್ನು ಇನ್ನೊಂದು ಸಲ ಅವಳ ಮುಖದ ಮುಂದೆ ಆಡಬೇಕು. ಹೆಲ್ಮೆಟ್ಟಿನೊಳಗೆ ಇಷ್ಟು ದೂರ ಬಾಯಿಪಾಠ ಮಾಡಿಕೊಂಡು ಬಂದದ್ದರಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಒಳಗೆ ಕಾಫಿಪುಡಿಯ ವಾಸನೆ ಎದ್ದಿತು.

‘ಹುಳ ಸಾಯ್ತಾ ಅವೆ ಅಮ್ಮ,’ ಎಂದುಬಿಟ್ಟ.

ಮೊರ ಪಕ್ಕಕ್ಕೆ ಸರಿಯಿತು. ‘ಎಷ್ಟು ದಿನದಿಂದ?’

‘ಒಂದು ವಾರದಿಂದ.’

‘ಎಲೆ ಯಾವ್ದು ಹಾಕ್ತಿದ್ದಾರೆ?’ ಎನ್ನುತ್ತಲೇ ಅವಳು ಎದ್ದು ಸೆರಗು ಕೊಡವಿದ್ದಳು. ತನುಜ ಕಾಫಿ ತಂದಾಗ ಅಮ್ಮ ಒಳಗೆ ಚೀಲಕ್ಕೆ ಒಂದು ಸೀರೆ ತುರುಕುತ್ತಿದ್ದಳು. ‘ಊಟ ಮಾಡ್ಕೊಂಡು ಹೋಗಮ್ಮ’ ಎಂದರೂ ಕೇಳಲಿಲ್ಲ. ಚಿಕ್ಕಬಳ್ಳಾಪುರದವರೆಗೂ, ಅಲ್ಲಿಂದ ಮುಂದಕ್ಕೂ, ಅವಳು ಅವನ ಹೆಗಲ ಮೇಲೆ ಒಂದು ಕೈಯಿಟ್ಟು ಕೂತು, ಗಾಳಿಗೆ ಎದುರಾಗಿ ಗಟ್ಟಿ ದನಿಯಲ್ಲಿ ಕೇಳುತ್ತಲೇ ಇದ್ದಳು. ಸಾಯುವ ಮುಂಚೆ ನೊರೆ ಬರುತ್ತಾ? ಮೊಟ್ಟೆ ಇಟ್ಟಿದ್ವಾ? ಚಿಪ್ಪು ತೆಳ್ಳಗಾಗೈತಾ? ಅವನು ಒಂದೊಂದಕ್ಕೂ ಉತ್ತರ ಕಟ್ಟುತ್ತ ಹೋದ. ಹದಿನೈದು ಸತ್ತಿವೆ ಅಂದ, ಆಮೇಲೆ ಇಪ್ಪತ್ತು ಅಂದ. ಕ್ಷಮೆ ಕೇಳಲು ಹೋದವನು ಅವಳನ್ನು ಇನ್ನೊಂದು ಸುಳ್ಳಿನ ಮೇಲೆ ಕೂರಿಸಿಕೊಂಡು ಕರೆತರುತ್ತಿದ್ದ. ಆದರೆ ಹೆಗಲ ಮೇಲಿನ ಆ ಕೈಯ ಭಾರ ಏಳು ತಿಂಗಳಾದ ಮೇಲೆ ಬಂದದ್ದು. ಬೈಕನ್ನು ನಿಲ್ಲಿಸಿ ನಿಜ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಹುಳದ ಮನೆಯಲ್ಲಿ ಚಿಕ್ಕವೆಂಕಟಮ್ಮ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು. ಅಮ್ಮ ನೇರವಾಗಿ ಮೊದಲ ತಟ್ಟೆಗೆ ಹೋದಳು. ಎಲೆ ಎತ್ತಿ ಮೂಸಿದಳು. ಒಂದು ಹುಳುವನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಅದು ನಿಧಾನವಾಗಿ ಕೊಂಬು ಚಾಚಿ ಅವಳ ಮಣಿಕಟ್ಟಿನ ಕಡೆ ಹೊರಟಿತು. ಎರಡನೆಯ ತಟ್ಟೆ, ಮೂರನೆಯದು. ಮೂಲೆಯ ತಟ್ಟೆಯಲ್ಲಿ ಆಗತಾನೆ ಹೊರಬಿದ್ದಿದ್ದ ಮರಿಗಳು ಅವರೆಕಾಳಿನಷ್ಟು ದಪ್ಪ, ತುಂಬಾ. ಒಂದೂ ಸತ್ತಿರಲಿಲ್ಲ. ಕೆಂಪರಾಜು ಬಾಗಿಲ ಹತ್ತಿರ ನಿಂತು ಅವಳ ಬೆನ್ನು ನೋಡುತ್ತಿದ್ದ. ಕೊನೆಯ ತಟ್ಟೆಯ ಮುಂದೆ ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ತಿರುಗಿದಾಗ ಅವಳ ಕಣ್ಣು ಅವನನ್ನು ಒಂದು ಸಲ ಮುಟ್ಟಿ ಹೋಯಿತು. ಕೋಪವಿರಲಿಲ್ಲ. ಯಾಕೆ ಎಂದೂ ಕೇಳಲಿಲ್ಲ.

‘ಚೆನ್ನಾಗವೆ,’ ಎಂದಳು.

ಚಿಕ್ಕವೆಂಕಟಮ್ಮ ನೀರಿನ ಡಬ್ಬಿ ಕೆಳಗಿಟ್ಟು, ‘ಇವ್ರು ಯಾರು ಸಾರ್?’ ಎಂದಳು.

ಇದನ್ನೇ ಅವನು ಕೇಳಿಸಿಕೊಳ್ಳಬೇಕೆಂದಿದ್ದ. ಇದೇ ಪ್ರಶ್ನೆ, ಇದೇ ಜಾಗ. ಅವನು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ, ಅವನನ್ನು ಕಷ್ಟದಿಂದ ಪಾರುಮಾಡುವವಳ ಹಾಗೆ ಸರಸರನೆ, ‘ನಾನು ಮೊದ್ಲು ಇಲ್ಲಿ ಕೆಲಸಕ್ಕೆ ಬರ್ತಿದ್ದೆ ಕಣಮ್ಮ,’ ಎಂದಳು.

‘ನಮ್ಮಮ್ಮ ಇವರು,’ ಎಂದ ಕೆಂಪರಾಜು.

‘ಹೂಂ ಸಾರ್,’ ಎಂದಳು ಚಿಕ್ಕವೆಂಕಟಮ್ಮ, ಮತ್ತೆ ಡಬ್ಬಿ ಎತ್ತಿಕೊಳ್ಳುತ್ತ. ‘ವಯಸ್ಸಾದೋರು ಎಲ್ಲಾರ್ಗೂ ಅಮ್ಮನೇ ಅಲ್ವಾ.’

ಇವರು ಅಂದದ್ದರಿಂದ ಹಾಗಾಯಿತೇ? ಇವಳು ಅನ್ನಬೇಕಿತ್ತೇ? ಹೆತ್ತವಳು ಎನ್ನಬೇಕೆಂದುಕೊಂಡ, ಆ ಪದ ಸಭೆಯಲ್ಲಿ ಸಲೀಸಾಗಿ ಬರುತ್ತಿತ್ತು, ಇಲ್ಲಿ, ಒದ್ದೆ ನೆಲದ ಮೇಲೆ, ಬರಲಿಲ್ಲ. ಅಮ್ಮ ಆಗಲೇ ಚಿಕ್ಕವೆಂಕಟಮ್ಮನಿಗೆ, ಎಳೆ ಪರಂಗಿ ಎಲೆ ಬೇಡ, ಹಾಲು ಜಾಸ್ತಿ, ಬಲಿತದ್ದು ಹಾಕು, ಅನ್ನುತ್ತಿದ್ದಳು. ಚಿಕ್ಕವೆಂಕಟಮ್ಮ ಅತ್ತ ತಿರುಗದೆ ಹೂಂ ಅನ್ನುತ್ತಿದ್ದಳು. ಕೆಂಪರಾಜು ಫೋನು ಬಂದವನ ಹಾಗೆ ಹೊರಗೆ ನಡೆದು, ರಸ್ತೆಯವರೆಗೆ ಹೋಗಿ, ಎದುರಿನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರನ್ನು ನೋಡುತ್ತ ನಿಂತ. ವಾಪಸು ಬಂದಾಗ ಅಮ್ಮ ಚೀಲ ಹಿಡಿದು ಬೈಕಿನ ಪಕ್ಕದಲ್ಲಿ ಕಾಯುತ್ತಿದ್ದಳು.

‘ಮನೆಗೆ ಹೋಗಣ ಅಮ್ಮ. ಕವಿತ ಕಾಯ್ತಿರ್ತಾಳೆ.’

‘ಇಲ್ಲ. ಅವರೆಕಾಯಿ ಅರ್ಧಕ್ಕೇ ಬಿಟ್ಟು ಬಂದೆ. ಬಸ್‌ಸ್ಟ್ಯಾಂಡ್‌ಗೆ ಬಿಟ್ಬಿಡು ಸಾಕು.’

‘ಸೀರೆ ತಂದಿದ್ದೀಯಲ್ಲ.’

‘ಹುಳ ಸಾಯ್ತಿದ್ರೆ ಎರಡು ದಿನ ಇರ್ಬೇಕಾಗ್ತದೆ ಅಂತ ತಂದಿದ್ದೆ,’ ಎಂದಳು.

ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗೌರಿಬಿದನೂರಿನ ಬಸ್ಸು ನಿಂತಿತ್ತು. ತಾನೇ ತೊಂಡೇಬಾವಿಗೆ ಬಿಟ್ಟು ಬರುತ್ತೇನೆಂದ, ಬೇಡವೆಂದಳು. ಬಾಳೆಹಣ್ಣು ಕೊಡಿಸಿದ, ತೆಗೆದುಕೊಂಡಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕೆಳಗೆ ನಿಂತು ಅವನು ಅವಳನ್ನೇ ನೋಡುತ್ತಿದ್ದ, ಅವಳು ಮುಂದಿನ ಸೀಟಿನ ಬೆನ್ನನ್ನು. ಬಸ್ಸು ಹೊರಟಾಗ ಅವಳು ಕೈ ಸ್ವಲ್ಪ ಎತ್ತಿದಳು. ಅವನಿಗೋ, ಜಾರುತ್ತಿದ್ದ ಸೆರಗಿಗೋ, ತಿಳಿಯಲಿಲ್ಲ.

ಐದು ಗಂಟೆಗೆ ಹುಳದ ಮನೆಗೆ ಬೀಗ ಹಾಕಬೇಕಾ‍ಗಿತ್ತು. ಮತ್ತೆ ಅಲ್ಲಿಗೇ ಹೋದ. ಚಿಕ್ಕವೆಂಕಟಮ್ಮ ಕೈಕಾಲು ತೊಳೆದುಕೊಂಡು ಹೊರಡಲು ನಿಂತಿದ್ದಳು. ಏನೋ ಕೇಳಬೇಕೆಂದು ಹೊಸಿಲ ಹತ್ತಿರ ತಡೆದಳು.

‘ಆ ಅಜ್ಜಿ ತಿರ್ಗಾ ಕೆಲಸಕ್ಕೆ ಬರ್ತಾರಾ ಸಾರ್?’

‘ಇಲ್ಲ,’ ಎಂದ ಕೆಂಪರಾಜು. ಬೀಗದ ಕೈ ಕೈಯಲ್ಲಿತ್ತು. ಈಗ ಮಾತು ಯಾವ ತೊಡಕೂ ಇಲ್ಲದೆ ಬಂತು. ‘ಅವಳು ನನ್ನ ತಾಯಿ. ಹೆತ್ತ ತಾಯಿ. ಎಲ್ಲಾರ್ಗೂ ಅಮ್ಮ ಅನ್ನೋ ಹಂಗಲ್ಲ. ಇವುಗಳನ್ನ ಉಳಿಸಿದ್ದೂ ಅವಳೇ.’

ಚಿಕ್ಕವೆಂಕಟಮ್ಮ ಅವನ ಮುಖವನ್ನೇ ನೋಡಿದಳು. ಅವಳು ಅಚ್ಚರಿಪಡುತ್ತಾಳೆ, ಮತ್ತೆ ಆಯಮ್ಮ ಯಾಕೆ ಕೆಲಸಕ್ಕೆ ಬರುತ್ತಿದ್ದೆ ಅಂದರು ಎಂದು ಕೇಳುತ್ತಾಳೆ, ಆಗ ಎಲ್ಲವನ್ನೂ ಹೇಳಿಬಿಡಬೇಕೆಂದು ಅವನು ಕಾದ. ಅವಳು ಅದನ್ನು ಕೇಳಲಿಲ್ಲ. ಅವಳ ಕಣ್ಣು ನೆಲಕ್ಕೆ ಇಳಿಯಿತು.

‘ನನ್ನ ಕೆಲಸ ಕೇಳಕ್ಕೆ ಬಂದವ್ರೆ ಅಂದ್ಕೊಂಡೆ ಸಾರ್,’ ಎಂದಳು. ‘ಅದಕ್ಕೇ ಮುಖ ಕೊಟ್ಟು ಮಾತಾಡ್ಲಿಲ್ಲ. ನೀವು ಆಚೆ ಹೋಗಿದ್ರಲ್ಲ, ಆವಾಗ ಕುಡಿಯಕ್ಕೆ ನೀರು ಕೇಳಿದ್ರು. ಬಿಸಿಲಲ್ಲಿ ಬಂದಿದ್ರು, ಪಾಪ. ಹೊರಗಡೆ ನಲ್ಲಿ ಐತೆ ಹೋಗಿ ಅಂದ್ಬಿಟ್ಟೆ. ಗೊತ್ತಿದ್ರೆ ಕೂರಿಸಿ ಲೋಟದಲ್ಲಿ ಕೊಡ್ತಿದ್ದೆ.’

ಕೆಂಪರಾಜು ತಿರುಗಿ ಹೊರಗಿನ ನಲ್ಲಿಯ ಕಡೆ ನೋಡಿದ.

‘ಕುಡಿದಳಾ?’ ಎಂದ.

‘ನೋಡ್ಲಿಲ್ಲ ಸಾರ್,’ ಎಂದಳು ಚಿಕ್ಕವೆಂಕಟಮ್ಮ.